ಗಣಿತಾಚಾರ್ಯ ಮಹಾವೀರರು

ಮಂಗಳೂರು ನಗರದ ಮೂಡಣ ಅಂಚಿನಲ್ಲಿರುವ ಪಡೀಲನ್ನು ಅರಿಯದ ಪ್ರಯಾಣಿಕರು ಕಡಿಮೆ. ಹಾಸನದ ಕಡೆಗೆ ಘಟ್ಟವನ್ನೇರುವ ರೈಲುಹಾದಿಯೂ ಕೊಂಕಣದ ಕಡೆಗೆ ಹೊರಡುವ ಹಾದಿಯೂ ಅಲ್ಲಿ ಕವಲೊಡೆಯುವುವು. ಜಿಲ್ಲಾಧಿಕಾರಿಗಳ ಹೊಸ ಕಚೇರಿಯೂ ೨೦೨೫ರಲ್ಲಿ ಅಲ್ಲಿಯೇ ತೆರೆಯಲ್ಪಟ್ಟಿತು. ಆದರೆ ಆ ಹೆಸರಿನ ಮಾತನ್ನು ನಿಂತು ಯೋಚಿಸಿದವರು ವಿರಳ. ತುಳುವಿನಲ್ಲಿ ಪಡೀಲೆಂದರೆ ಉಳುಮೆಯಿಲ್ಲದೆ ಬಿಟ್ಟ ಭೂಮಿ. ಕರಾವಳಿಯ ಕನ್ನಡದಲ್ಲಿ ಅದನ್ನೇ ಹಡಿಲು ಎನ್ನುವರು. ಹಡಿಲು ಬಿದ್ದ ನೆಲವು ಬಂಜರಲ್ಲ. ಅದರಲ್ಲಿ ಸಾರವಿದೆ, ನೇಗಿಲು ಹಿಡಿಯುವ ಕೈ ಮಾತ್ರ ಇಲ್ಲ. ನಮ್ಮ ನಾಡಿನ ವಿದ್ಯೆಯ ಒಂದು ದೊಡ್ಡ ಹೊಲವು ಹೀಗೆಯೇ ಶತಮಾನಗಳ ಕಾಲ ಹಡಿಲು ಬಿದ್ದಿದ್ದಿತು. ಅದನ್ನು ಬಿತ್ತಿದ ಮಹನೀಯರ ಚರಿತ್ರೆಯನ್ನು ಇಂದು ವಾಚಕರ ಮುಂದಿಡಲು ಬಯಸುವೆವು.

ಅದಕ್ಕೆ ಮೊದಲು ಒಂದು ಚಿಕ್ಕ ಲೆಕ್ಕ. ಒಬ್ಬ ಬೇಸಾಯಗಾರನಿಗೆ ಚಚ್ಚೌಕವಾದ ಗದ್ದೆಯೊಂದಿದೆಯೆಂದು ಇಟ್ಟುಕೊಳ್ಳೋಣ. ಅದರ ಒಂದೊಂದು ಬದಿಯೂ ೨೦ ಕೋಲು. ಪಕ್ಕದ ಹಡಿಲನ್ನು ಒಳಗೊಳ್ಳುವುದಕ್ಕಾಗಿ ಅವನು ಮೂಡಣ ಹುಣಿಯನ್ನೂ ಬಡಗಣ ಹುಣಿಯನ್ನೂ ಮೂರು ಮೂರು ಕೋಲು ಆಚೆಗೆ ಸರಿಸಿದನು. ಈಗ ಗದ್ದೆಯು ೨೩ ಕೋಲಿನ ಚಚ್ಚೌಕವಾಯಿತು. ಇದರ ವಿಸ್ತಾರವೆಷ್ಟು? ಇಪ್ಪತ್ತರ ವರ್ಗ ೪೦೦, ಮೂರರ ವರ್ಗ ೯, ಒಟ್ಟು ೪೦೯ ಎಂದು ಅವಸರದ ವಿದ್ಯಾರ್ಥಿಯು ಹೇಳಿಬಿಡುವನು. ಪಾಠಶಾಲೆಯಲ್ಲಿ ಬೀಜಗಣಿತವನ್ನು ಆರಂಭಿಸಿದ ಮಕ್ಕಳು ಬಹುವಾಗಿ ಮಾಡುವ ತಪ್ಪು ಇದೇ. ಆದರೆ ಹುಣಿಯ ಮೇಲೆ ನಿಂತು ನೋಡುತ್ತಿರುವ ಬೇಸಾಯಗಾರನು ಇದನ್ನು ಒಪ್ಪಲಾರನು. ಮೂಡಲಿನಲ್ಲಿ ೨೦ ಕೋಲು ಉದ್ದದ, ೩ ಕೋಲು ಅಗಲದ ಪಟ್ಟಿಯೊಂದು ಸೇರಿದೆ. ಬಡಗಲಿನಲ್ಲಿ ಅಂಥದೇ ಇನ್ನೊಂದು ಸೇರಿದೆ. ಒಂದೊಂದೂ ೬೦ ಚದರ ಕೋಲು. ಮೂಲೆಯಲ್ಲಿ ೯ ಚದರ ಕೋಲಿನ ಚಿಕ್ಕ ಚೌಕವಿದೆ. ಹಳೆಯ ೪೦೦, ಎರಡು ಪಟ್ಟಿಗಳ ೧೨೦, ಮೂಲೆಯ ೯, ಒಟ್ಟಿನಲ್ಲಿ ೫೨೯. ಎರಡು ರಾಶಿಗಳ ಮೊತ್ತದ ವರ್ಗವೆಂದರೆ ಮೊದಲನೆಯದರ ವರ್ಗ, ಎರಡನೆಯದರ ವರ್ಗ, ಇವುಗಳೊಡನೆ ಅವೆರಡರ ಗುಣಲಬ್ಧದ ಇಮ್ಮಡಿ. ಈ ಇಮ್ಮಡಿಯನ್ನು ಮರೆತವನು ತನ್ನ ಗದ್ದೆಯಲ್ಲಿ ೧೨೦ ಚದರ ಕೋಲನ್ನು ಕಳೆದುಕೊಂಡಂತೆಯೇ ಸರಿ.

ಈ ನಿಯಮವು ಪಶ್ಚಿಮದಿಂದ ಹಡಗಿನಲ್ಲಿ ಬಂದಿಳಿದ ಸರಕೆಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿಯೂ ಉಂಟು. ಗ್ರೀಕರ ಯೂಕ್ಲಿಡನು ತನ್ನ ಗ್ರಂಥದ ಎರಡನೆಯ ಭಾಗದಲ್ಲಿ ಇದನ್ನು ರೇಖೆಗಳ ಮೂಲಕ ಸಾಧಿಸಿರುವುದು ನಿಜವೇ. ಆದರೆ ಇಂದಿಗೆ ಸುಮಾರು ೧೧೭೫ ವರ್ಷಗಳ ಹಿಂದೆ, ಕನ್ನಡನಾಡಿನ ಅರಸನೊಬ್ಬನ ಆಶ್ರಯದಲ್ಲಿ, ಎರಡು ರಾಶಿಗಳಿಗೆ ಮಾತ್ರವಲ್ಲದೆ ಎಷ್ಟು ರಾಶಿಗಳಿಗಾದರೂ ಸಲ್ಲುವಂತೆ ಈ ನಿಯಮವನ್ನು ಶ್ಲೋಕದಲ್ಲಿ ಕಟ್ಟಿ, ಉದಾಹರಣೆಗಳೊಡನೆ ಬೋಧಿಸಿದ ಆಚಾರ್ಯರೊಬ್ಬರು ಇದ್ದರು. ಅವರೇ ಗಣಿತಸಾರಸಂಗ್ರಹದ ಕರ್ತೃಗಳಾದ ಮಹಾವೀರಾಚಾರ್ಯರು.

ಆ ಅರಸನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ೮೧೪ರ ಸುಮಾರಿಗೆ ಎಳೆಯ ವಯಸ್ಸಿನಲ್ಲಿಯೇ ಪಟ್ಟಕ್ಕೆ ಬಂದು, ದಂಗೆಗಳನ್ನೂ ದಾಯಾದಿಗಳ ಕಲಹವನ್ನೂ ದಾಟಿ, ಅರುವತ್ತು ವರ್ಷಗಳಿಗೂ ಮಿಗಿಲಾಗಿ ಆಳಿದ ಪುಣ್ಯಶಾಲಿಯಾತ. ಅವನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ, ಮಳಖೇಡವೆಂಬ ಸಣ್ಣ ಊರಾಗಿ ಉಳಿದಿದೆ. ೮೫೧ರಲ್ಲಿ ಬರೆದ ಅರಬ್ಬೀ ವರ್ತಕ ಸುಲೈಮಾನನು ಲೋಕದ ನಾಲ್ವರು ಮಹಾರಾಜರಲ್ಲಿ ರಾಷ್ಟ್ರಕೂಟ ದೊರೆಯನ್ನೂ ಎಣಿಸಿದ್ದನು. ಆದರೆ ನೃಪತುಂಗನ ಕೀರ್ತಿಯು ಸೈನ್ಯಕ್ಕಿಂತಲೂ ಹೆಚ್ಚಾಗಿ ವಿದ್ಯೆಯಿಂದ ಉಳಿದುದು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಎಲ್ಲೆಯನ್ನು ಹೇಳಿದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿತು. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು ಅವನಿಗೆ ಗುರುಸ್ಥಾನದಲ್ಲಿದ್ದರು. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ದೊರೆಯ ಹೆಸರನ್ನೇ ಇಟ್ಟನು. ಇಂಥ ವಿದ್ವತ್ಸಮೂಹದ ನಡುವೆ ೮೫೦ರ ಸುಮಾರಿನಲ್ಲಿ ಮಹಾವೀರಾಚಾರ್ಯರು ಗ್ರಂಥರಚನೆ ಮಾಡಿದರು.

ಆಚಾರ್ಯರು ಜೈನಧರ್ಮದ ದಿಗಂಬರ ಪಂಥಕ್ಕೆ ಸೇರಿದವರು. ತಮ್ಮ ತಂದೆತಾಯಿಗಳ ಹೆಸರನ್ನಾಗಲಿ ಹುಟ್ಟೂರನ್ನಾಗಲಿ ಅವರು ಗ್ರಂಥದಲ್ಲಿ ಬರೆದಿಡಲಿಲ್ಲ. ತಮ್ಮ ಹೆಸರಿನವರೇ ಆದ ವರ್ಧಮಾನ ಮಹಾವೀರ ತೀರ್ಥಂಕರರಿಗೆ ವಂದಿಸಿ, ಬಳಿಕ ದೊರೆಯನ್ನು ಹರಸಿ, ಅನಂತರ ನೇರವಾಗಿ ಗಣಿತದ ಪ್ರಶಂಸೆಗೆ ತೊಡಗುವರು. ಲೌಕಿಕ ವ್ಯವಹಾರ, ವೈದಿಕ ಕರ್ಮ, ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ತರ್ಕ, ವ್ಯಾಕರಣ, ಗ್ರಹಗಳ ಗತಿ ಇವೆಲ್ಲವೂ ಗಣಿತವನ್ನೇ ನೆಮ್ಮಿ ನಿಂತಿರುವುವೆಂಬುದು ಅವರ ನಿಲುವು. ತಾವು ಹೊಸದಾಗಿ ಎಲ್ಲವನ್ನೂ ಕಂಡುಹಿಡಿದೆವೆಂದು ಅವರು ಹೇಳಿಕೊಳ್ಳುವುದಿಲ್ಲ. ಹಿಂದಿನ ಆಚಾರ್ಯರ ವಿದ್ಯೆಯೆಂಬ ಕಡಲಿನಿಂದ ಸಾರವನ್ನು ಆಯ್ದು ಕೊಡುತ್ತಿರುವುದಾಗಿ ವಿನಯದಿಂದ ತಿಳಿಸುವರು. ಬಾಳಿನ ವಿವರಗಳು ದೊರೆಯದ ಇಂಥ ಪುರುಷರ ಚರಿತ್ರೆಯನ್ನು ಅವರ ಕೃತಿಯಲ್ಲಿಯೇ ಓದಬೇಕು.

ಆ ಕೃತಿಯ ಹಿರಿಮೆಯೇನು? ಅವರಿಗಿಂತ ಮುಂಚೆ ೪೯೯ರಲ್ಲಿ ಆರ್ಯಭಟನೂ ೬೨೮ರಲ್ಲಿ ಬ್ರಹ್ಮಗುಪ್ತನೂ ಗಣಿತವನ್ನು ಬರೆದಿದ್ದರು. ಆದರೆ ಅವರ ಗ್ರಂಥಗಳಲ್ಲಿ ಗಣಿತವು ಜ್ಯೋತಿಷದ ಒಂದು ಭಾಗ ಮಾತ್ರ. ಮಹಾವೀರಾಚಾರ್ಯರು ಗಣಿತವನ್ನು ಜ್ಯೋತಿಷದ ನೆರಳಿನಿಂದ ಹೊರಗೆ ತಂದು, ಅದಕ್ಕೇ ಮೀಸಲಾದ ದೊಡ್ಡ ಗ್ರಂಥವನ್ನು ಕಟ್ಟಿದರು. ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯೆ ಎಂದು ಒಂಬತ್ತು ಅಧಿಕಾರಗಳು. ಶ್ಲೋಕಗಳು ೧೧೦೦ಕ್ಕೂ ಹೆಚ್ಚು. ಅಳತೆ ತೂಕಗಳ ಕೋಷ್ಟಕ, ೨೪ ಸ್ಥಾನಗಳವರೆಗಿನ ಸಂಖ್ಯೆಗಳ ಹೆಸರು, ಭಿನ್ನರಾಶಿಗಳ ಕಲಾಪ, ಬಡ್ಡಿ, ಚಿನ್ನದ ಬೆರಕೆ, ಕೆರೆ ಬಾವಿಗಳ ಅಗೆತ, ಎಲ್ಲವೂ ಅದರಲ್ಲಿವೆ. ಓದುವವನು ಬೇಸರಗೊಳ್ಳದಂತೆ ಪ್ರಶ್ನೆಗಳನ್ನು ಹೆಣೆಯುವುದರಲ್ಲಿ ಅವರು ನಿಸ್ಸೀಮರು. ಮಾವಿನ ಹಣ್ಣುಗಳ ರಾಶಿಯಲ್ಲಿ ಅರಸನು ಆರನೆಯ ಒಂದು ಪಾಲನ್ನೂ, ಉಳಿದುದರಲ್ಲಿ ಅರಸಿಯು ಐದನೆಯ ಒಂದು ಪಾಲನ್ನೂ, ಮೂವರು ಕುಮಾರರು ಕ್ರಮವಾಗಿ ಉಳಿದುದರ ಕಾಲು, ಮೂರನೆಯ ಒಂದು, ಅರೆ ಪಾಲುಗಳನ್ನೂ ತೆಗೆದುಕೊಳ್ಳಲು, ಕೊನೆಯ ಮಗುವಿಗೆ ಮೂರು ಹಣ್ಣುಗಳು ಉಳಿಯುವುವು. ಲೆಕ್ಕಹಾಕಿ ನೋಡಿದರೆ ರಾಶಿಯಲ್ಲಿದ್ದುವು ೧೮ ಹಣ್ಣುಗಳು. ಒಬ್ಬೊಬ್ಬರಿಗೂ ಸರಿಯಾಗಿ ಮೂರು ಮೂರು. ಪಾಲುಗಳ ಹೆಸರು ಬೇರೆಬೇರೆಯಾದರೂ ಯಾರಿಗೂ ಹೆಚ್ಚು ಕಡಿಮೆಯಾಗದ ಈ ಹಂಚಿಕೆಯನ್ನು ಕಂಡು ಮಗುವೂ ನಗುವುದು, ಹಿರಿಯನೂ ತಲೆದೂಗುವನು.

ಈಗ ನಮ್ಮ ಗದ್ದೆಯ ಲೆಕ್ಕಕ್ಕೆ ಮರಳೋಣ. ಪರಿಕರ್ಮದ ಅಧಿಕಾರದಲ್ಲಿ ಆಚಾರ್ಯರು ವರ್ಗವನ್ನು ಪಡೆಯುವುದಕ್ಕೆ ಹಲವು ದಾರಿಗಳನ್ನು ತೋರಿಸುವರು. ಸಂಖ್ಯೆಯನ್ನು ಅದರಿಂದಲೇ ಗುಣಿಸುವುದು ಎಲ್ಲರೂ ಬಲ್ಲ ದಾರಿ. ಎರಡನೆಯದು, ಇಷ್ಟಬಂದ ಸಂಖ್ಯೆಯೊಂದನ್ನು ಒಮ್ಮೆ ಕಳೆದು ಒಮ್ಮೆ ಕೂಡಿಸಿ, ಬಂದ ಎರಡನ್ನೂ ಗುಣಿಸಿ, ಇಷ್ಟಸಂಖ್ಯೆಯ ವರ್ಗವನ್ನು ಸೇರಿಸುವುದು. ೪೭ರ ವರ್ಗ ಬೇಕೆಂದರೆ ಮೂರನ್ನು ಆರಿಸಿಕೊಂಡು ೪೪ನ್ನು ೫೦ರಿಂದ ಗುಣಿಸಿದರೆ ೨೨೦೦. ಮೂರರ ವರ್ಗ ೯ ಸೇರಿಸಲು ೨೨೦೯. ಬಾಯಿಲೆಕ್ಕದಲ್ಲಿಯೇ ಮುಗಿಯಿತು. ಮೂರನೆಯದು, ಒಂದರಿಂದ ತೊಡಗಿ ಬೆಸಸಂಖ್ಯೆಗಳನ್ನು ಬೇಕಾದಷ್ಟು ಪದಗಳವರೆಗೆ ಕೂಡಿಸುವುದು; ಒಂದು, ಮೂರು, ಐದು, ಏಳು, ಒಂಬತ್ತು ಎಂಬ ಐದು ಪದಗಳ ಮೊತ್ತ ೨೫, ಅದೇ ಐದರ ವರ್ಗ. ನಾಲ್ಕನೆಯದು ನಮ್ಮ ನಿಯಮ. ಹಲವು ಸ್ಥಾನಗಳುಳ್ಳ ಸಂಖ್ಯೆಯಲ್ಲಿ ಪ್ರತಿಯೊಂದು ಸ್ಥಾನದ ಬೆಲೆಯ ವರ್ಗವನ್ನೂ ತೆಗೆದು, ಎರಡೆರಡನ್ನಾಗಿ ಜೊತೆಗೂಡಿಸಿದ ಗುಣಲಬ್ಧಗಳ ಇಮ್ಮಡಿಯನ್ನು ಸೇರಿಸುವುದು. ೧೨೩ ಎಂದರೆ ನೂರು, ಇಪ್ಪತ್ತು, ಮೂರು. ವರ್ಗಗಳ ಮೊತ್ತ ೧೦೪೦೯, ಜೊತೆಗಳ ಗುಣಲಬ್ಧಗಳು ೨೦೦೦, ೩೦೦, ೬೦, ಇವುಗಳ ಇಮ್ಮಡಿ ೪೭೨೦, ಒಟ್ಟು ೧೫೧೨೯. ಈ ನಿಯಮಗಳಲ್ಲಿ ಕೆಲವು ಬ್ರಹ್ಮಗುಪ್ತನಲ್ಲಿಯೂ ಇವೆ. ಅವುಗಳನ್ನು ಒಂದೆಡೆಗೆ ತಂದು, ಕಲಿಯುವವನಿಗೆ ಒಂದರ ಮಗ್ಗುಲಲ್ಲಿ ಒಂದು ಕಾಣುವಂತೆ ಇಟ್ಟುದು ಆಚಾರ್ಯರ ಬೋಧನಾಕೌಶಲ.

ಬಿಡಿಬಿಡಿಯಾಗಿ ತೋರುವ ಈ ದಾರಿಗಳು ಒಂದೇ ಸತ್ಯದ ಮುಖಗಳು. ನಾಲ್ಕು ಕೋಲಿನ ಚೌಕವನ್ನು ಐದು ಕೋಲಿನದಾಗಿ ಬೆಳೆಯಿಸುವಾಗ ಸೇರುವುದೇನು? ನಾಲ್ಕು ನಾಲ್ಕರ ಎರಡು ಪಟ್ಟಿಗಳು ಮತ್ತು ಮೂಲೆಯ ಒಂದು, ಎಂದರೆ ಒಂಬತ್ತು. ಐದರಿಂದ ಆರಕ್ಕೆ ಹೋಗುವಾಗ ಹನ್ನೊಂದು. ಬೆಸಸಂಖ್ಯೆಗಳ ಮೊತ್ತವು ವರ್ಗವಾಗುವುದು ಈ ಎರಡು ಪಟ್ಟಿಗಳ ಮತ್ತು ಒಂದು ಮೂಲೆಯ ದೆಸೆಯಿಂದಲೇ. ವರ್ಗಮೂಲವನ್ನು ತೆಗೆಯುವ ಕ್ರಮವೂ ಇದನ್ನೇ ಹಿಂದುಮುಂದಾಗಿ ನಡೆಸುವುದು. ೫೨೯ರಲ್ಲಿ ಇಪ್ಪತ್ತರ ವರ್ಗವನ್ನು ಕಳೆದರೆ ೧೨೯. ಇಪ್ಪತ್ತರ ಇಮ್ಮಡಿಯಾದ ನಲವತ್ತು ಅದರಲ್ಲಿ ಮೂರು ಸಲ ಹೋಗುವುದು. ಉಳಿದ ೯ ಮೂರರ ವರ್ಗವೇ ಆಗಿರುವುದರಿಂದ ಮೂಲವು ೨೩.

ವರ್ಗದ ಈ ತತ್ತ್ವವು ಪ್ರಕೀರ್ಣಕದ ಪ್ರಶ್ನೆಗಳಲ್ಲಿ ಎಷ್ಟು ಚೆನ್ನಾಗಿ ದುಡಿಯುವುದೆಂಬುದಕ್ಕೆ ಒಂಟೆಗಳ ಲೆಕ್ಕವು ಸಾಕ್ಷಿ. ಒಂದು ಹಿಂಡಿನ ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಇಮ್ಮಡಿಯಷ್ಟು ಒಂಟೆಗಳು ಬೆಟ್ಟದ ತಪ್ಪಲಿಗೆ ಹೋದುವು. ಹದಿನೈದು ಹೊಳೆಯ ದಂಡೆಯಲ್ಲಿ ಉಳಿದುವು. ಹಿಂಡಿನಲ್ಲಿ ಎಷ್ಟು? ಹಿಂಡಿನ ಮುಕ್ಕಾಲಿನಲ್ಲಿ ಎರಡು ವರ್ಗಮೂಲಗಳನ್ನು ಕಳೆದರೆ ೧೫ ಎಂಬುದು ಪ್ರಶ್ನೆಯ ತಿರುಳು. ಎಲ್ಲವನ್ನೂ ಹನ್ನೆರಡರಿಂದ ಗುಣಿಸಿದರೆ ಒಂಬತ್ತು ಹಿಂಡುಗಳಲ್ಲಿ ಇಪ್ಪತ್ತನಾಲ್ಕು ವರ್ಗಮೂಲಗಳನ್ನು ಕಳೆದಾಗ ೧೮೦ ಆಗುವುದು. ಒಂಬತ್ತು ಹಿಂಡುಗಳೆಂದರೆ ವರ್ಗಮೂಲದ ಮೂರರಷ್ಟರ ವರ್ಗ. ಇಪ್ಪತ್ತನಾಲ್ಕು ವರ್ಗಮೂಲಗಳೆಂದರೆ ಆ ಮೂರರಷ್ಟನ್ನು ನಾಲ್ಕರಿಂದ ಗುಣಿಸಿದುದರ ಇಮ್ಮಡಿ. ಚೌಕವು ಪೂರ್ತಿಯಾಗುವುದಕ್ಕೆ ಕೊರತೆಯಾಗಿರುವುದು ಮೂಲೆಯ ತುಂಡು, ಎಂದರೆ ನಾಲ್ಕರ ವರ್ಗವಾದ ೧೬. ಅದನ್ನು ಸೇರಿಸಲು ೧೯೬, ಹದಿನಾಲ್ಕರ ವರ್ಗ. ವರ್ಗಮೂಲದ ಮೂರರಷ್ಟರಲ್ಲಿ ನಾಲ್ಕು ಕಳೆದರೆ ಹದಿನಾಲ್ಕಾದುದರಿಂದ ವರ್ಗಮೂಲ ಆರು, ಹಿಂಡು ೩೬. ಅದೇ ಶತಮಾನದ ಮೊದಲ ಭಾಗದಲ್ಲಿ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿಯೂ ಚೌಕದ ಮೂಲೆಯನ್ನು ತುಂಬಿಯೇ ಇಂಥ ಸಮೀಕರಣಗಳನ್ನು ಬಿಡಿಸಿ ತೋರಿಸಿದ್ದನು.

ಆಚಾರ್ಯರು ವರ್ಗದಲ್ಲಿಯೇ ನಿಲ್ಲಲಿಲ್ಲ. ಮೊತ್ತದ ಘನಕ್ಕೂ ನಿಯಮವನ್ನು ಹೇಳಿದರು. ಮತ್ತೊಂದು ಕಡೆ, ಕಹಿ, ಹುಳಿ, ಉಪ್ಪು, ಖಾರ, ಸಿಹಿ, ಒಗರು ಎಂಬ ಆರು ರಸಗಳನ್ನು ಬಿಡಿಯಾಗಿಯೂ ಬೆರಸಿಯೂ ಎಷ್ಟು ಬಗೆಯಲ್ಲಿ ಪಡೆಯಬಹುದೆಂದು ಕೇಳಿ, ಯಾವ ಎಣಿಕೆಗಾದರೂ ಸಲ್ಲುವ ಸಾಮಾನ್ಯ ಸೂತ್ರವನ್ನು ಕೊಟ್ಟರು. ಒಂದೊಂದಾಗಿ ೬, ಎರಡೆರಡಾಗಿ ೧೫, ಮೂರು ಮೂರಾಗಿ ೨೦, ಮತ್ತೆ ೧೫, ೬, ೧, ಒಟ್ಟು ೬೩. ಯೂರೋಪಿನಲ್ಲಿ ಈ ಸಾಮಾನ್ಯ ಸೂತ್ರವು ಹೆರಿಗೋನನ ಗ್ರಂಥದಲ್ಲಿ ಕಾಣಿಸಿಕೊಂಡುದು ೧೬೩೪ರಲ್ಲಿ. ಎರಡು ಪದಗಳ ಮೊತ್ತವನ್ನು ಆರು ಸಲ ಗುಣಿಸಿದಾಗ ಪದಗಳ ಮುಂದೆ ನಿಲ್ಲುವ ಸಂಖ್ಯೆಗಳೂ ಇವೇ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಬಲ್ಲರು. ಗದ್ದೆಯ ಎರಡು ಪಟ್ಟಿಗಳ ಆ ಎರಡೂ, ಅಡಿಗೆಮನೆಯ ಹದಿನೈದು ಬೆರಕೆಗಳೂ ಒಂದೇ ಬಳ್ಳಿಯ ಕಾಯಿಗಳು.

ಸಂಖ್ಯೆಗಳ ಚೆಲುವನ್ನೂ ಅವರು ಬಲ್ಲವರಾಗಿದ್ದರು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ೧೨೩೪೫೬೫೪೩೨೧ ದೊರೆಯುವುದನ್ನು ಅವರು ತೋರಿಸಿರುವರು. ಎರಡು ತುದಿಗಳಿಂದಲೂ ಒಂದೇ ಸಮನಾಗಿ ಓದಬಹುದಾದ ಇಂಥ ಗುಣಲಬ್ಧಗಳಿಗೆ ಕೊರಳ ಹಾರದ ಹೋಲಿಕೆಯನ್ನು ಕೊಟ್ಟಿರುವರು. ಈ ಸಂಖ್ಯೆಯು ೧೧೧೧೧೧ರ ವರ್ಗ. ಗುಣಿಸಿದ ಎರಡೂ ೫೨೯೧ ಮತ್ತು ೨೧ರ ವರ್ಗಗಳು.

ಮಹಾಪುರುಷರ ಗುಣಗಾನದಲ್ಲಿ ದೋಷವನ್ನು ಮುಚ್ಚುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಆಚಾರ್ಯರು ಬರೆದರು; ಅದು ತಪ್ಪು. ನೀಳವೃತ್ತದ ಕ್ಷೇತ್ರಫಲಕ್ಕೆ ಅವರು ಕೊಟ್ಟ ಸೂತ್ರವೂ ಸರಿಯಾದುದಲ್ಲ. ಆದರೆ ಋಣಸಂಖ್ಯೆಯ ವಿಷಯದಲ್ಲಿ ಅವರ ದೃಷ್ಟಿಯು ಬೆರಗುಗೊಳಿಸುವಂಥದು. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಆದುದರಿಂದ ಋಣಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಆಗಿರಲಾರದು, ಅದಕ್ಕೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಮುಂದೆ ಯೂರೋಪಿನ ಗಣಿತಜ್ಞರು ಅಂಥ ಮೂಲಗಳಿಗೆಂದೇ ಬೇರೊಂದು ಬಗೆಯ ಸಂಖ್ಯೆಯನ್ನು ಕಲ್ಪಿಸಿಕೊಳ್ಳಬೇಕಾಯಿತು.

ಆಚಾರ್ಯರ ಗ್ರಂಥವು ದಕ್ಷಿಣದೇಶದಲ್ಲಿ ಪಾಠಪುಸ್ತಕವಾಗಿ ಹರಡಿತು. ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವನ್ನು ಕನ್ನಡದಲ್ಲಿಯೇ ರಚಿಸಿ, ಗಣಿತಕ್ಕೆ ನಮ್ಮ ನುಡಿಯು ಸಾಲದೆಂಬ ಮಾತಿಗೆ ಅಂದೇ ಉತ್ತರವಿತ್ತನು. ಬಳಿಕ ಕಾಲವು ತಿರುಗಿತು. ರಾಜ್ಯಗಳು ಅಳಿದುವು, ಮಾನ್ಯಖೇಟದ ಕೋಟೆ ಪಾಳುಬಿದ್ದಿತು, ಗಣಿತಸಾರಸಂಗ್ರಹವು ಓಲೆಗರಿಯ ಕಟ್ಟುಗಳಲ್ಲಿ ಮೌನವಾಯಿತು. ಇಂಗ್ಲಿಷ್ ಶಾಲೆಗಳು ಬಂದಾಗ ಅದೇ ವರ್ಗನಿಯಮವನ್ನು ನಮ್ಮ ಮಕ್ಕಳು ಪರದೇಶದ ಅಕ್ಷರಗಳಲ್ಲಿ, ಪರದೇಶದ ವಿದ್ಯೆಯೆಂದು, ಅರ್ಥವರಿಯದೆ ಉರುಹಚ್ಚಿದರು.

ಹಡಿಲು ಬಿದ್ದ ಆ ಹೊಲಕ್ಕೆ ಮತ್ತೆ ನೇಗಿಲು ಹೂಡಿದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು. ಅವರ ವಶದಲ್ಲಿದ್ದ ಸರ್ಕಾರೀ ಹಸ್ತಪ್ರತಿ ಭಂಡಾರದಲ್ಲಿ ಗ್ರಂಥದ ಪ್ರತಿಗಳು ದೊರೆತುವು; ಮೈಸೂರಿನಿಂದ ಒಂದು ಪ್ರತಿ ಬಂದಿತು; ಕನ್ನಡ ಲಿಪಿಯ ಮತ್ತೊಂದು ಪ್ರತಿಯು ಮಂಗಳೂರಿನಿಂದ ಸುಮಾರು ೩೫ ಕಿಲೋಮೀಟರು ದೂರದ ಮೂಡಬಿದಿರೆಯ ಜೈನ ಭಂಡಾರದಲ್ಲಿ ಸಿಕ್ಕಿತು. ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳನ್ನು ಜೀವದಂತೆ ಕಾಪಾಡಿದ ಊರೇ ಅದು. ೧೯೦೮ರಲ್ಲಿ ರೋಮಿನಲ್ಲಿ ಕೂಡಿದ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಎಂಬವರು ಈ ಗ್ರಂಥದ ವಿಷಯವನ್ನು ಜಗತ್ತಿಗೆ ತಿಳಿಸಿದರು. ೧೯೧೨ರಲ್ಲಿ ಮೂಲವೂ ಇಂಗ್ಲಿಷ್ ಅನುವಾದವೂ ಮದರಾಸಿನಲ್ಲಿ ಅಚ್ಚಾದುವು. ಕನ್ನಡ ಅನುವಾದವು ಹೊಂಬುಜದ ಜೈನಮಠದಿಂದ ೨೦೦೦ದಲ್ಲಿ ಹೊರಬಂದಿತು. ಕನ್ನಡನಾಡಿನ ಗ್ರಂಥವು ಕನ್ನಡಿಗನ ಕೈಗೆ ಅವನ ನುಡಿಯಲ್ಲಿ ಬರುವುದಕ್ಕೆ ಇಂಗ್ಲಿಷಿನ ಬಳಿಕ ೮೮ ವರ್ಷಗಳು ಬೇಕಾದುವೆಂಬುದನ್ನು ನಾವು ತಲೆತಗ್ಗಿಸಿ ನೆನೆಯಬೇಕು.

ಇಲ್ಲಿ ಇನ್ನೊಂದು ಸಂಗತಿಯೂ ಮನಸ್ಸಿಗೆ ನಾಟುವುದು. ೧೯೧೨ರಲ್ಲಿ ಗ್ರಂಥವು ಹುಟ್ಟಿದ ಮಳಖೇಡವು ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿತ್ತು; ಅದನ್ನು ಕಾಪಾಡಿದ ಮೂಡಬಿದಿರೆಯು ಮದರಾಸು ಆಧಿಪತ್ಯದಲ್ಲಿತ್ತು; ಮತ್ತೊಂದು ಪ್ರತಿಯಿದ್ದ ಮೈಸೂರಿಗೆ ಬೇರೆಯೇ ಅರಸರು. ಒಬ್ಬ ಆಚಾರ್ಯರ ಕೃತಿಯ ತಾಣಗಳು ಮೂರು ಆಡಳಿತಗಳಲ್ಲಿ ಹಂಚಿಹೋಗಿದ್ದುವು. ೧೯೫೬ನೆಯ ನವೆಂಬರ್ ೧ರಂದು ಈ ಮೂರೂ ಒಂದೇ ರಾಜ್ಯದೊಳಗೆ ಬಂದುವು. ಹುಣಿಗಳನ್ನು ಸರಿಸಿ ಚೌಕವನ್ನು ದೊಡ್ಡದು ಮಾಡಿದ್ದಾಯಿತು. ಆದರೆ ಅಂಚಿನ ಪಟ್ಟಿಗಳನ್ನು ಉತ್ತು ಬಿತ್ತಿದೆವೇ? ಮಳಖೇಡದ ಹುಡುಗನು ಮೂಡಬಿದಿರೆಯ ಭಂಡಾರವನ್ನೂ, ಮಂಗಳೂರಿನ ಹುಡುಗಿಯು ಮಳಖೇಡದ ಕೋಟೆಯನ್ನೂ ತನ್ನದೆಂದು ಬಗೆಯದಿದ್ದರೆ, ನಾಡು ಕೂಡಿದರೂ ಲೆಕ್ಕದಲ್ಲಿ ೪೦೯ ಮಾತ್ರ ಬರುವುದು. ೧೨೦ ಹಡಿಲಾಗಿಯೇ ಉಳಿಯುವುದು.

ಆದುದರಿಂದ ನಮ್ಮ ಉಪಾಧ್ಯಾಯರಲ್ಲಿ ಒಂದು ಬಿನ್ನಹ. ವರ್ಗದ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು ಬಾಯಿಪಾಠಕ್ಕೆ ಬಿಡುವ ಮೊದಲು ಮಕ್ಕಳನ್ನು ಗದ್ದೆಯ ಹುಣಿಗೋ ಶಾಲೆಯ ಅಂಗಳಕ್ಕೋ ಕರೆದೊಯ್ದು, ಹಗ್ಗ ಹಿಡಿದು ಚೌಕವನ್ನು ಬೆಳೆಯಿಸಿ, ಎರಡು ಪಟ್ಟಿಗಳನ್ನೂ ಮೂಲೆಯನ್ನೂ ಅವರ ಕೈಯಿಂದಲೇ ಅಳೆಯಿಸಲಿ. ಅದೇ ಹೊತ್ತಿನಲ್ಲಿ ಈ ನಾಡಿನಲ್ಲಿ ಇದನ್ನು ಕಲಿಸಿದ ಆಚಾರ್ಯರ ಹೆಸರನ್ನೂ ಹೇಳಲಿ. ಮಠಗಳಲ್ಲಿಯೂ ಮನೆಗಳಲ್ಲಿಯೂ ಓಲೆಕಟ್ಟುಗಳನ್ನು ಇರಿಸಿಕೊಂಡಿರುವವರು ಅವುಗಳನ್ನು ಪೂಜೆಯ ಪೆಟ್ಟಿಗೆಯಲ್ಲಿಯೇ ಬಿಡದೆ ಬಲ್ಲವರಿಗೆ ತೋರಿಸಿ ಪಟ್ಟಿಮಾಡಿಸಲಿ. ಪೂರ್ವಜರ ಹೆಸರನ್ನು ಹೇಳಿ ಹೆಮ್ಮೆಪಡುವುದು ಸುಲಭ. ಅವರ ಲೆಕ್ಕವನ್ನು ಮಾಡಿ ನೋಡುವುದಕ್ಕೆ ದುಡಿಮೆ ಬೇಕು. ಮಹಾವೀರಾಚಾರ್ಯರು ನಮ್ಮಿಂದ ಬೇಡುವುದು ಈ ಎರಡನೆಯದನ್ನೇ ಎಂದು ನಾವು ನಂಬಿದ್ದೇವೆ.